ಊರಿಗಾಂ ಲೈಬ್ರರಿಯ ಸೊನ್ನೆಗಳು

ಹೋದ ವಾರ ಒಣ ಅವರೆಕಾಳಿನ ಡಬ್ಬದ ಮುಚ್ಚಳ ತೆಗೆದೆ. ಹುಳ ಹಿಡಿಯದಿರಲಿ ಎಂದು ನಮ್ಮತ್ತೆ ಅದರೊಳಗೆ ಒಣಗಿದ ಬೇವಿನ ಎಲೆ ಹಾಕಿಟ್ಟಿದ್ದರು. ಆ ಒಗರು ವಾಸನೆ ಮೂಗಿಗೆ ಬಡಿಯಿತು. ಡಬ್ಬ ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ನಿಂತೆ. ಅತ್ತೆ ಗಾಬರಿಯಿಂದ, "ಯಾಕಮ್ಮಾ, ಉಳ ಏನಾರ ಬಿದ್ದವಾ?" ಎಂದು ಕೇಳಿದರು. ಇಲ್ಲ ಎಂದೆ. ಕಾಳು ಚೆನ್ನಾಗಿಯೇ ಇದ್ದವು...

ಬೇವಿನ ವಾಸನೆ ಯಾರಿಗೂ ವಾಕರಿಕೆ ತರುವಂಥದ್ದಲ್ಲ. ನನಗೂ ಮೊದಲು ಹಾಗಿರಲಿಲ್ಲ. ಎರಡು ವರ್ಷ ದಿನವೂ ಅದೇ ವಾಸನೆಯ ನಡುವೆ ಕೂತು ಓದಿದವಳು ನಾನು. ಊರಿಗಾಂನ ಪುಟ್ಟ ಶಾಖಾ ಗ್ರಂಥಾಲಯದಲ್ಲಿ ಒಂದೊಂದು ಪುಸ್ತಕದ ಹೊಟ್ಟೆಯಲ್ಲೂ ನಾಲ್ಕು ಬೇವಿನ ಎಲೆ ಇರುತ್ತಿದ್ದವು. ನುಸಿಗುಳಿಗೆ ಬೇಕೆಂದು ಬರೆದ ಕಾಗದಕ್ಕೆ ಮೇಲಿನಿಂದ ಉತ್ತರವೇ ಬರುತ್ತಿರಲಿಲ್ಲವಂತೆ. ಹಾಗಾಗಿ ಅಲ್ಲಿನ ಮೇಲ್ವಿಚಾರಕಿ ತಮ್ಮ ಮನೆಯ ಹಿಂದಿನ ಮರದ ಎಲೆ ಕಿತ್ತು, ಒಣಗಿಸಿ, ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದರು. ಅವರನ್ನು ಎಲ್ಲರೂ ಲೈಬ್ರರಿಯಮ್ಮ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಚಿನ್ನದ ಗಣಿ ಕಂಪನಿಯ ಕಾಲದ ಕಟ್ಟಡ ಅದು. ದಪ್ಪ ಗೋಡೆ, ತಗಡಿನ ಮಾಡು, ಎರಡು ಉದ್ದನೆಯ ಮೇಜು. ಗಾಳಿ ಜೋರಾದ ದಿನ ಚಿನ್ನ ತೆಗೆದು ಗುಡ್ಡೆ ಹಾಕಿದ ಮಣ್ಣಿನ ಸಯನೈಡ್ ದಿಬ್ಬದ ದೂಳು ಕಿಟಕಿಯಿಂದ ಹಾರಿಬಂದು ಮೇಜಿನ ಮೇಲೆ ಹಿಟ್ಟು ಚೆಲ್ಲಿದಂತೆ ಕೂರುತ್ತಿತ್ತು. ಲೈಬ್ರರಿಯಮ್ಮ ದಿನಕ್ಕೆ ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಐವತ್ತು ದಾಟಿದ ತೆಳ್ಳನೆಯ ಹೆಂಗಸು. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು. ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಗಣಿ ಕೂಲಿಗಳ ಲೈನು ಮನೆಗೆ ಸೊಸೆಯಾಗಿ ಬಂದವರು. ಓದಲು ಬಂದವರು ಯಾವ ಭಾಷೆಯಲ್ಲಿ ಬಾಯಿ ತೆರೆದರೂ ಅದೇ ಭಾಷೆಯಲ್ಲಿ ಬೈಯುವಷ್ಟು ತಮಿಳು, ತೆಲುಗು ಅವರಿಗೆ ಗೊತ್ತಿತ್ತು.

ಬೈಗುಳದ ವಿಷಯ ಸುಮ್ಮನೆ ಹೇಳಲಿಲ್ಲ. ಅವರು ಮೃದು ಮಾತಿನವರಲ್ಲ. ಪುಟ ಮಡಚಿದವರಿಗೆ, ಎಂಜಲು ಬೆರಳು ಹಚ್ಚಿದವರಿಗೆ ಮರ್ಯಾದೆ ಇರುತ್ತಿರಲಿಲ್ಲ. ಆದರೆ ಗಣಿ ಮುಚ್ಚಿದ ಮೇಲೆ ಅಲ್ಲಿನ ಜನರಿಗೆ ಬರುತ್ತಿದ್ದ ಕಾಗದಗಳಿಗೆ ಲೆಕ್ಕವಿರಲಿಲ್ಲ. ಮನೆ ಬಿಡಿ ಎನ್ನುವ ನೋಟೀಸು, ಪಿಂಚಣಿಯ ಅರ್ಜಿ, ಕೋರ್ಟಿನ ಸುದ್ದಿ... ಎಲ್ಲವನ್ನೂ ಹಿಡಿದು ಜನ ಅಲ್ಲಿಗೇ ಬರುತ್ತಿದ್ದರು. ಆಕೆ ಓದಿ ಅರ್ಥ ಹೇಳಿ, ಉತ್ತರ ಬರೆದು, "ಇಲ್ಲಿ ಎಬ್ಬೆಟ್ಟು ಒತ್ತಬ್ಯಾಡ. ಸೈನ್ ಆಕೋದು ಕಲ್ತ್ಕೋ. ನಾಳೆ ಬಾ, ಯೋಳ್ಕೊಡ್ತೀನಿ" ಎಂದು ಗದರಿ ಕಳಿಸುತ್ತಿದ್ದರು. ಹಾಗೆ ಸಹಿ ಕಲಿಯಲು ಬಂದ ಹೆಂಗಸರು ಆಮೇಲೆ ಕತೆ ಪುಸ್ತಕ ಓದುವಷ್ಟಾದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ನಮ್ಮಪ್ಪ ಬಂಗಾರಪೇಟೆ ಹತ್ತಿರ ಕಲ್ಲು ಒಡೆಯುವ ಕೂಲಿ. ಕಾಲೇಜಿಗೆಂದು ನಾನು ಊರಿಗಾಂ ಹತ್ತಿರದ ಕೋರಮಂಡಲ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಒಂದೇ ಕೋಣೆಯಲ್ಲಿ ಏಳು ಜನ. ಬಿ.ಕಾಂ. ಮುಗಿದು ಕೆಲಸ ಸಿಗದೆ ಕೂತಾಗ ಆ ಮನೆಯಲ್ಲಿ ನನ್ನ ನೆರಳು ಕೂಡ ಹೆಚ್ಚಾಯಿತು. ಬೆಳಿಗ್ಗೆ ಎದ್ದು ಊರಿಗಾಂಗೆ ನಡೆದುಬಂದರೆ ಲೈಬ್ರರಿ ಬಾಗಿಲು ಮುಚ್ಚುವವರೆಗೂ ಅಲ್ಲೇ ಇರುತ್ತಿದ್ದೆ. ಯಾಕೆ ಬಂದೆ, ಎಷ್ಟು ಹೊತ್ತು ಇರುತ್ತೀಯ ಎಂದು ಲೈಬ್ರರಿಯಮ್ಮ ಒಂದು ದಿನವೂ ಕೇಳಲಿಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ಮುಚ್ಚಳಕ್ಕೆ ಹಾಕಿ ನನ್ನ ಕಡೆ ತಳ್ಳುತ್ತಿದ್ದರು, ಅಷ್ಟೆ.

ಒಂದು ದಿನ ಪೇಪರಿನ ಒಳಪುಟವನ್ನು ನನ್ನ ಮುಂದಿಟ್ಟು, "ಲೇ, ಇದ್ನ ನೋಡೇ. ಡಿಗ್ರಿ ಆಗಿರೋರ್ ಬೇಕಂತೆ. ಕನ್ನಡ, ತಮಿಳು ಬರ್ಬೇಕಂತೆ. ನಿನ್ಗೇ ಬರ್ದಂಗೈತೆ" ಎಂದರು. ಬೆಂಗಳೂರಿನ ಒಂದು ಸಂಸ್ಥೆಗೆ ಸಮೀಕ್ಷೆ ಮಾಡುವವರು ಬೇಕಾಗಿದ್ದರು. ಅರ್ಜಿಯನ್ನು ಅವರೇ ತಿದ್ದಿಸಿ ಬರೆಸಿದರು. ಅಂಚೆಯ ಖರ್ಚೂ ಅವರದೇ.

ಕೆಲಸ ಸಿಕ್ಕಿತು. ಯಾವುದರ ಸಮೀಕ್ಷೆ ಎಂದು ತಿಳಿದದ್ದು ಕೋಲಾರದ ಒಂದು ಲಾಡ್ಜಿನ ತಣ್ಣನೆಯ ಹಾಲ್‌ನಲ್ಲಿ ತರಬೇತಿಗೆ ಕೂತಾಗ. ಸಾರ್ವಜನಿಕ ಗ್ರಂಥಾಲಯಗಳಿಂದ ಜನರಿಗೆ ಆಗುವ ಲಾಭವನ್ನು ರೂಪಾಯಿಯಲ್ಲಿ ಅಳೆಯುವುದು. ಯಾವ ಶಾಖೆಗೆ ಎಷ್ಟು ಬೆಲೆ ಎಂದು ತಿಳಿದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬೇರೆಯದರ ಜೊತೆ ಸೇರಿಸಬೇಕು ಎಂದು ಸರ್ಕಾರಕ್ಕೆ ಸಲಹೆ ಕೊಡಬಹುದಂತೆ. ನಮ್ಮ ಸೂಪರ್‌ವೈಸರ್ ಇಸ್ತ್ರಿ ಮಾಡಿದ ಅಂಗಿಯ, ಸೆಂಟಿನ ವಾಸನೆಯ ಯುವಕ. ಎರಡು ಪ್ರಶ್ನೆಗಳು ಮುಖ್ಯ ಎಂದು ಹೇಳಿಕೊಟ್ಟ. ಒಂದು: ಈ ಲೈಬ್ರರಿ ಮುಚ್ಚಿಹೋಗುತ್ತದೆ ಎಂದಾದರೆ ಅದನ್ನು ಉಳಿಸಲು ತಿಂಗಳಿಗೆ ಎಷ್ಟು ರೂಪಾಯಿ ಕೊಡುತ್ತೀರಿ? ಎರಡು: ಇಲ್ಲಿ ಎಷ್ಟು ಹೊತ್ತು ಕಳೆಯುತ್ತೀರಿ, ಅದೇ ಹೊತ್ತು ದುಡಿದಿದ್ದರೆ ಎಷ್ಟು ಸಿಗುತ್ತಿತ್ತು?

"ಸರ್, ಕೆಲಸ ಇಲ್ಲದೋರು?" ಎಂದು ಯಾರೋ ಕೇಳಿದರು.

"ಆದಾಯ ಇಲ್ಲ ಅಂದ್ರೆ ಅವರ ಟೈಮಿಗೆ ಬೆಲೆ ಇಲ್ಲ. ಸೊನ್ನೆ ಹಾಕಿ."

"ಮನೇಲಿರೋ ಹೆಂಗಸ್ರು?"

"ಸೊನ್ನೆ."

ನಾನದನ್ನು ನೀಟಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರಲ್ಲಿ ತಪ್ಪೇನಾದರೂ ಇದೆ ಎಂದು ಅನ್ನಿಸಲೇ ಇಲ್ಲ. ಹಿಂದಿನ ವಾರದವರೆಗೆ ಅದೇ ಲೆಕ್ಕದಲ್ಲಿ ನಾನೂ ಒಂದು ಸೊನ್ನೆಯೇ ಆಗಿದ್ದೆ ಎನ್ನುವುದು ಕೂಡ ಹೊಳೆಯಲಿಲ್ಲ. ಇದನ್ನು ನೆನೆದಾಗ ಮೊದಲು ಹೇಸಿಗೆ ಹುಟ್ಟುವುದು ಆ ಸೂಪರ್‌ವೈಸರ್ ಮೇಲಲ್ಲ, ಅಷ್ಟು ಅಂದವಾದ ಅಕ್ಷರದಲ್ಲಿ ಬರೆದುಕೊಂಡ ಆ ಹುಡುಗಿಯ ಮೇಲೆ.

ಊರಿಗಾಂ ಶಾಖೆ ನನ್ನ ಪಾಲಿಗೇ ಬಂತು. ಫಾರಂಗಳ ಕಟ್ಟು ಹಿಡಿದು ಒಳಗೆ ಹೋದಾಗ ಲೈಬ್ರರಿಯಮ್ಮ ಎದ್ದೇ ನಿಂತರು. "ನಮ್ಮುಡ್ಗೀನೇ ಬಂದವ್ಳೆ! ಇನ್ನು ನಮ್ಗೇನು ಭಯ ಬಿಡು" ಎಂದು ಕೂತವರಿಗೆಲ್ಲ ಸಾರಿದರು. ಮೇಜು ಒರೆಸಿ, ನನಗೆ ತಮ್ಮ ಕುರ್ಚಿಯನ್ನೇ ಕೊಟ್ಟು, ತಾವು ಲೈನು ಮನೆಗಳಿಗೆ ಹೋಗಿ ಓದುಗರನ್ನು ಕರೆದುಕೊಂಡು ಬಂದರು.

ಮೊದಲು ಕೂತವರು ದಿನವೂ ತಮಿಳು ಪೇಪರ್ ಓದಲು ಬರುತ್ತಿದ್ದ ಮುದುಕರು. ಮೂವತ್ತು ವರ್ಷ ನೆಲದಡಿ ಕೆಲಸ ಮಾಡಿ ಎದೆಗೆ ಕಲ್ಲಿನ ದೂಳು ತುಂಬಿಕೊಂಡವರು. ಎರಡು ಮಾತಿಗೊಮ್ಮೆ ಕೆಮ್ಮು. ನಾನು ಪ್ರಶ್ನೆ ಓದಿದೆ. ಅವರು ನಕ್ಕುಬಿಟ್ಟರು.

"ಎನ್ನಮ್ಮಾ ಇದು? ನನ್ ಹತ್ರ ಕಾಸಿದ್ರೆ ಪೇಪರ್ ನಾನೇ ವಾಂಗ್ತಿರ್ಲಿಲ್ವಾ? ಇಲ್ಲೇನ್ ಮಾಡಕ್ಕೆ ಬರ್ತೀನಿ?"

ಸೊನ್ನೆ ಹಾಕಿದೆ. ಎರಡನೆಯ ಪ್ರಶ್ನೆಗೂ ಸೊನ್ನೆ.

ಆಮೇಲೆ ಬಂದದ್ದು ಬೀಡಿ ವಾಸನೆಯ ಸೀರೆಯುಟ್ಟ, ನನ್ನಕ್ಕನ ವಯಸ್ಸಿನ ಹೆಂಗಸು. ಅದೇ ಮೇಜಿನ ಮೇಲೆ ಅಕ್ಷರ ಕಲಿತವಳು. ಗಂಡ ಕುಡಿದು ಮಲಗುವ ಮಧ್ಯಾಹ್ನಗಳಲ್ಲಿ ಅಲ್ಲಿಗೆ ಬಂದು ಎರಡು ತಾಸು ಕೂರುತ್ತಿದ್ದಳು. ಎಷ್ಟು ಕೊಡುತ್ತೀರಿ ಎಂದರೆ ಅವಳಿಗೆ ಅರ್ಥವೇ ಆಗಲಿಲ್ಲ. "ನಾನೆಲ್ಲಿಂದ ಕೊಡ್ಲಿ ಅಕ್ಕಾ? ಇದ್ ಮುಚ್ಬುಟ್ರೆ ನಾನೆಲ್ಲಿ ಕುಂತ್ಕೊಳ್ಳೋದು, ಅದ್ನ ಯೋಳಿ" ಎಂದಳು. ಅದನ್ನು ಬರೆಯಲು ಫಾರಂನಲ್ಲಿ ಜಾಗ ಇರಲಿಲ್ಲ. ನಾನು ಬರೆಯಲಿಲ್ಲ. ಸೊನ್ನೆ ಹಾಕಿ ಮುಂದಿನವರನ್ನು ಕರೆದೆ.

ಎರಡನೆಯ ದಿನ ನಾನು ನೀರು ಕುಡಿಯಲು ಎದ್ದಾಗ ಲೈಬ್ರರಿಯಮ್ಮ ತುಂಬಿದ ಫಾರಂಗಳನ್ನು ತಿರುವಿ ನೋಡಿದ್ದರು. ವಾಪಸು ಬಂದಾಗ ಅವರ ಮುಖ ಬೇರೆಯಾಗಿತ್ತು.

"ಇದೇನೇ, ಎಲ್ಲಾ ಸೊನ್ನೆ ಸುತ್ತಿದ್ದೀಯಾ?"

"ಅವರು ಹೇಳಿದ್ದೇ ಅಷ್ಟು ಅಮ್ಮ."

"ಅವ್ರತ್ರ ದುಡ್ಡಿಲ್ಲ ಅಂದವ್ರೆ. ಲೈಬ್ರರಿ ಬ್ಯಾಡ ಅಂದವ್ರಾ?"

ನಾನು ತರಬೇತಿಯಲ್ಲಿ ಕಲಿತದ್ದನ್ನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ದನಿ ತಗ್ಗಿಸಿ, "ನೋಡು, ಒಂದಿಪ್ಪತ್ತು ಫಾರಂಗೆ ಐವತ್ತೋ ಅರವತ್ತೋ ಆಕು. ಯಾರ್ ಬಂದು ನೋಡ್ತಾರೆ? ನಾನು ಜನ್ಮದಾಗೆ ಯಾರ್ನೂ ಸುಳ್ಳಾಡು ಅಂದೋಳಲ್ಲ. ಇವತ್ತು ಅಂತಿದ್ದೀನಿ" ಎಂದರು.

ಆ ದನಿ ನನಗೆ ಹೊಸದು. ಯಾರನ್ನೂ ಏನನ್ನೂ ಬೇಡದವರು ನನ್ನನ್ನು ಬೇಡುತ್ತಿದ್ದರು. ನಾನು, "ಆಗಲ್ಲ ಅಮ್ಮ, ಅದು ತಪ್ಪಾಗುತ್ತೆ" ಎಂದೆ. ಹೇಳುವಾಗ ನನ್ನ ಪ್ರಾಮಾಣಿಕತೆಯ ಬಗ್ಗೆ ನನಗೇ ಹೆಮ್ಮೆಯಾಯಿತು. ಅವರು ಫಾರಂಗಳನ್ನು ಅಂಚು ಸಮ ಮಾಡಿ ನನ್ನ ಕೈಗಿತ್ತರು.

ಆ ಹೆಮ್ಮೆ ಉಳಿದದ್ದು ನಾಲ್ಕೇ ದಿನ. ಫಾರಂಗಳನ್ನು ಒಪ್ಪಿಸಲು ಬಂಗಾರಪೇಟೆಯಲ್ಲಿ ಸೂಪರ್‌ವೈಸರ್ ಇಳಿದುಕೊಂಡಿದ್ದ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಹಾಸಿಗೆಯ ಮೇಲೆ ಬಿರಿಯಾನಿಯ ಪೊಟ್ಟಣ ಬಿಚ್ಚಿಕೊಂಡು, ಎಡಗೈಯಲ್ಲಿ ಮೂಳೆ ಹಿಡಿದು ಚೀಪುತ್ತ, ಬಲಗೈಯಲ್ಲಿ ಅವನು ಫಾರಂ ತುಂಬುತ್ತಿದ್ದ. ಇನ್ನೊಂದು ಊರಿನ ಲೈಬ್ರರಿಯ ಫಾರಂಗಳು. ಆ ಊರಿಗೆ ಯಾರೂ ಹೋಗಿರಲಿಲ್ಲ. ಐವತ್ತು, ನೂರು, ಎಪ್ಪತ್ತೈದು... ಬಾಯಿಗೆ ಬಂದ ಸಂಖ್ಯೆ. ಹೆಸರುಗಳು ಕೂಡ ಬಾಯಿಗೆ ಬಂದವೇ. ಒಂದು ಹಾಳೆಯ ಮೂಲೆಗೆ ತುಪ್ಪದ ಬೆರಳಚ್ಚು ಬಿದ್ದಿತ್ತು. ಅದನ್ನು ಪ್ಯಾಂಟಿಗೆ ಉಜ್ಜಿ ಒರೆಸಿದ.

ನನ್ನನ್ನು ನೋಡಿ ಅವನಿಗೆ ಮುಜುಗರವೇ ಆಗಲಿಲ್ಲ. "ಟೈಮ್ ಇಲ್ಲ ಕಣಮ್ಮ, ನಾಳೆ ಕಳಿಸ್ಬೇಕು. ನಿಂದು ಕೊಡು" ಎಂದ. ನನ್ನ ಫಾರಂ ನೋಡಿ ನಕ್ಕ. "ಒಳ್ಳೆ ಹುಡುಗಿ ನೀನು. ಒಂದನ್ನೂ ತಿದ್ದಿಲ್ಲ. ನಿನ್ನ ಅನುಭವ ಪತ್ರದಲ್ಲಿ ಚೆನ್ನಾಗಿ ಬರೀತೀನಿ."

ಆಗ ನಾನೇನು ಮಾಡಬಹುದಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಫಾರಂ ಕಿತ್ತುಕೊಂಡು ಓಡಬಹುದಿತ್ತು. ಮೇಲಿನವರಿಗೆ ಬರೆಯಬಹುದಿತ್ತು. ಅಲ್ಲೇ ನಿಂತು ಒಂದು ಮಾತು ಕೇಳಬಹುದಿತ್ತು. ನಾನು "ಥ್ಯಾಂಕ್ಸ್ ಸರ್" ಎಂದೆ. ಹಾಗೆ ಎಂದದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ... ಆ ಕೋಣೆಯ ಮಸಾಲೆ ವಾಸನೆಯ ಜೊತೆಗೆ.

ಕೆಲವು ತಿಂಗಳ ಮೇಲೆ ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ವರದಿ ಬಿಡುಗಡೆಯಾಯಿತು. ಹಾರ, ಶಾಲು, ತಟ್ಟೆಯಲ್ಲಿ ಗೋಡಂಬಿ. ಶಾಖೆಗಳ ಸಿಬ್ಬಂದಿಯನ್ನೂ ಕರೆಸಿದ್ದರು. ಲೈಬ್ರರಿಯಮ್ಮ ಗಂಟಿನಲ್ಲಿಟ್ಟ ರೇಷ್ಮೆ ಸೀರೆಯ ಮಡಿಕೆ ಬಿಡಿಸಿ ಉಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ಒಂದೊಂದು ಲೈಬ್ರರಿಗೆ ಒಂದೊಂದು ಬಣ್ಣದ ಕಂಬ. ಬಿರಿಯಾನಿ ಕೈಯಲ್ಲಿ ಹುಟ್ಟಿದ ಆ ಊರಿನ ಕಂಬ ಪರದೆಯ ತುದಿ ಮುಟ್ಟುತ್ತಿತ್ತು. ಊರಿಗಾಂನದು ಗೆರೆ ಎಳೆದಷ್ಟೂ ಇರಲಿಲ್ಲ. ಜನರಿಗೆ ಈ ಶಾಖೆಯ ಅಗತ್ಯ ಕಾಣುತ್ತಿಲ್ಲ, ಹತ್ತಿರದ ಬೇರೆ ಶಾಖೆಯ ಜೊತೆ ವಿಲೀನ ಮಾಡಬಹುದು ಎಂದು ವೇದಿಕೆಯ ಮೇಲಿದ್ದ ದೊಡ್ಡವರು ಓದಿದರು.

ಲೈಬ್ರರಿಯಮ್ಮ ಎದ್ದು ನಿಂತರು. ಮೈಕಿಗೆ ಕಾಯಲಿಲ್ಲ.

"ಸಾರ್, ಬಡವ್ರತ್ರ ಓಗಿ ಎಷ್ಟು ದುಡ್ಡು ಕೊಡ್ತೀರಾ ಅಂತ ಕೇಳಿದ್ರಿ. ಇಲ್ಲ ಅಂದ್ರು. ಇಲ್ಲ ಅಂದಿದ್ಕೆ ಬ್ಯಾಡ ಅಂತ ಬರ್ಕೊಂಡ್ರಿ. ಇದ್ಯಾವ್ ಲೆಕ್ಕ ಸಾರ್?"

ವೇದಿಕೆಯ ಮೇಲಿನವರು ಮುಗುಳ್ನಕ್ಕು, "ಅಮ್ಮಾ, ಇದು ವೈಜ್ಞಾನಿಕ ವಿಧಾನ. ಹೊರದೇಶಗಳಲ್ಲೂ ಹೀಗೇ ಮಾಡ್ತಾರೆ. ಕೂತ್ಕೊಳ್ಳಿ" ಎಂದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಹಿಂದಕ್ಕೂ ಹಬ್ಬಿತು. ಲೈಬ್ರರಿಯಮ್ಮ ಕೂರಲಿಲ್ಲ. ಸಾಲುಗಳ ಮೇಲೆ ಕಣ್ಣು ಹಾಯಿಸಿ ನನ್ನನ್ನು ಹುಡುಕಿದರು. ನಾನು ಅವರ ಕಣ್ಣಿಗೆ ಬಿದ್ದೆ. ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ಎತ್ತರದ ಕಂಬ ಸುಳ್ಳು ಎಂದು. ಸೂಪರ್‌ವೈಸರ್ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ಗೋಡಂಬಿ ಅಗಿಯುತ್ತಿದ್ದ. ನಾನು ತಲೆ ತಗ್ಗಿಸಿ ತಟ್ಟೆ ನೋಡಿದೆ.

ವಿಲೀನ ಎಂದರೆ ಏನೆಂದು ಊರಿಗಾಂನಲ್ಲಿ ನಾನು ನಿಂತು ನೋಡಿದೆ. ಒಂದು ಟೆಂಪೋ ಬಂತು. ಪುಸ್ತಕಗಳನ್ನು ಸಿಮೆಂಟಿನ ಖಾಲಿ ಚೀಲಗಳಿಗೆ ತುಂಬಿದರು. ಜೋಡಿಸಿ ತುಂಬಲಿಲ್ಲ, ಮೊರದಿಂದ ಸುರಿದ ಹಾಗೆ. ಬೇವಿನ ಎಲೆಗಳು ನೆಲವೆಲ್ಲ ಉದುರಿ, ಕೂಲಿಯವರ ಕಾಲಿಗೆ ಸಿಕ್ಕಿ ಪುಡಿಯಾದವು. ಕೋಣೆ ತುಂಬ ಆ ವಾಸನೆ. ತಮಿಳು ಪೇಪರಿನ ಮುದುಕರು ಹೊರಗೆ ಕಲ್ಲಿನ ಮೇಲೆ ಕೂತು ಕೆಮ್ಮುತ್ತಿದ್ದರು. ಲೈಬ್ರರಿಯಮ್ಮ ಮಾತ್ರ ಒಂದೊಂದು ಚೀಲಕ್ಕೂ ಚೀಟಿ ಬರೆದು ಕಟ್ಟುತ್ತಿದ್ದರು, ಆ ಕಡೆ ಯಾರಾದರೂ ಅದನ್ನು ಓದುತ್ತಾರೆ ಎನ್ನುವ ಹಾಗೆ. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ನನ್ನನ್ನು ನೋಡಲಿಲ್ಲ. ಅಥವಾ ನೋಡಿಯೂ...

ನನಗೆ ಅನುಭವ ಪತ್ರ ಸಿಕ್ಕಿತು. ಅದರಿಂದಲೇ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಬೇತಮಂಗಲದ ಹತ್ತಿರದ ಹಳ್ಳಿಗೆ ಬಂದೆ. ಮೂರ್ನಾಲ್ಕು ವರ್ಷ ಕಳೆದ ಮೇಲೆ, ತಡೆಯಲಾಗದೆ, ಒಂದು ಭಾನುವಾರ ಲೈಬ್ರರಿಯಮ್ಮನ ಮನೆಗೆ ಹೋದೆ. ಕೆಲಸ ಹೋಗಿರಲಿಲ್ಲ, ಯಾವುದೋ ಕಚೇರಿಯ ಮೂಲೆಯಲ್ಲಿ ಟಪಾಲು ವಿಂಗಡಿಸುವ ಕೆಲಸಕ್ಕೆ ಹಾಕಿದ್ದರಂತೆ. ತುಂಬ ಸೊರಗಿದ್ದರು. ನಾನು ಕೂತವಳೇ ಬಿರಿಯಾನಿಯ ಕೋಣೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ಅಳು ಬಂತು.

ಅವರು ನನ್ನ ಅಳು ನಿಲ್ಲುವವರೆಗೆ ಕಾದರು.

"ಮುಗೀತಾ?"

ತಲೆಯಾಡಿಸಿದೆ.

"ಅವತ್ತು ಮಂಟಪದಾಗೆ ಇದ್ನ ಯೋಳಿದ್ರೆ ಒಂದ್ ಮಾತಾಗ್ತಿತ್ತು. ಇವತ್ತು ತಂದು ನನ್ ತಲೆ ಮ್ಯಾಲ್ ಆಕಿ ನೀನು ಅಗುರ ಮಾಡ್ಕೊಂಡು ಓಗ್ತೀಯಾ. ಇದ್ನ ಇಟ್ಕೊಂಡು ನಾನೇನ್ ಮಾಡ್ಲೇ?"

ಅವರು ಎದ್ದು ಒಳಗೆ ಹೋದರು. ಹೋಗಬೇಕೋ ಕೂರಬೇಕೋ ತಿಳಿಯದೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒಂದು ಲೋಟ ಕಾಫಿ ತಂದು ನನ್ನ ಮುಂದಿಟ್ಟು, "ಕುಡ್ದು ಓಗು. ನಾಕ್ ಗಂಟೆ ಬಸ್ ಸಿಗ್ತದೆ" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಇನ್ನೊಮ್ಮೆ ಬಾ ಎಂದೂ ಅನ್ನಲಿಲ್ಲ. ನಾನು ಮತ್ತೆ ಹೋಗಲಿಲ್ಲ.

ಅವರು ತೀರಿಕೊಂಡದ್ದು ತಿಳಿದಾಗ ಒಂದು ತಿಂಗಳಾಗಿತ್ತು. ಅವರ ಸೊಸೆಯನ್ನು ನೋಡಲು ಹೋದೆ. ಆಕೆಗೆ ನನ್ನ ಗುರುತಿರಲಿಲ್ಲ. ಲೈಬ್ರರಿಗೆ ಬರುತ್ತಿದ್ದವಳು ಎಂದೆ. "ಲೈಬ್ರರಿಯೋರು ಬೋ ಜನ ಬಂದಿದ್ರಕ್ಕಾ ಮಣ್ಣಿಗೆ. ನಮ್ ನೆಂಟ್ರಿಗಿಂತ ಅವ್ರೇ ಜಾಸ್ತಿ. ಕೆಮ್ಮೋ ಒಬ್ಬ ತಾತನ್ನ ಇಬ್ರು ಇಡ್ಕೊಂಡು ಕರ್ಕೊಂಡ್ ಬಂದಿದ್ರು" ಎಂದಳು. ನಾನು ಸೊನ್ನೆ ಹಾಕಿದವರೆಲ್ಲ ಬಂದಿದ್ದರು. ನಾನೊಬ್ಬಳು ಹೋಗಿರಲಿಲ್ಲ.

ಈಗ ಬಂಗಾರಪೇಟೆಯಲ್ಲಿ ದುಡ್ಡು ಕೊಟ್ಟು ಕೂತು ಓದುವ ಕೋಣೆಗಳು ಬಂದಿವೆ. ನನ್ನ ತಂಗಿಯ ಮಗಳು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಅವಳನ್ನು ಸೇರಿಸಲು ಹೋಗಿದ್ದೆ. ಮಾಲೀಕ ಪಟ್ಟಿ ತೋರಿಸಿದ. ಫ್ಯಾನಿನ ಕೆಳಗಿನ ಕುರ್ಚಿಗೆ ಒಂದು ದರ, ಎ.ಸಿ. ಕೋಣೆಗೆ ಇನ್ನೊಂದು, ಚೀಲ ಇಡುವ ಪೆಟ್ಟಿಗೆಗೆ ಬೇರೆ. ಪೇಪರ್ ಓದಲು ಬರುವ ವಯಸ್ಸಾದವರಿಗೆ ಏನಾದರೂ ಇದೆಯೇ ಎಂದು ಕೇಳಿದೆ. "ಅಂಥೋರ್ನ ಒಳಗೆ ಬಿಟ್ರೆ ಫೀಸ್ ಕಟ್ಟಿರೋರಿಗೆ ಡಿಸ್ಟರ್ಬ್ ಆಗುತ್ತೆ ಮೇಡಂ" ಎಂದ. ದುಡ್ಡು ಕಟ್ಟಿ ಕೆಳಗಿಳಿದು ಬರುವಾಗ ಬಾಯಲ್ಲಿ ಕಹಿ ನೀರು ಬಂತು. ಉಗುಳಿದೆ.

ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಮೊದಲ ಸಲ ಪೂರ್ತಿಯಾಗಿ, ಅಳದೆ ಹೇಳಿದ್ದು. ಅವಳು ತನ್ನ ಫೋನ್ ಪಕ್ಕಕ್ಕಿಟ್ಟು ಕೇಳಿಸಿಕೊಂಡಳು.

"ಅವರು ಬದುಕಿದ್ದಿದ್ರೆ ನಾನೂ ನೋಡ್ಬೋದಿತ್ತು ದೊಡ್ಡಮ್ಮ" ಎಂದಳು. ಆಮೇಲೆ, "ಲೈಬ್ರರಿ ಏನಾಯ್ತು?"

"ಬೀಗ ಹಾಕಿದಾರೆ. ತಗಡು ಬಿದ್ದುಹೋಗಿದೆ."

"ಆ ರಿಪೋರ್ಟು?"

"ಅದು ಇದೆ" ಎಂದೆ. ಎಲ್ಲ ಕಂಬಗಳ ಸಮೇತ, ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ತೆಗೆದು ನೋಡಬಹುದು. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಮಾಹಿತಿ ಸಂಗ್ರಹಿಸಿದವರ ಸಾಲಿನಲ್ಲಿ ನನ್ನ ಹೆಸರಿದೆ.